ಒಂದು ಗಳಿಗೆ ಚಿಕ್ಕವಳು

"ಹಗೇವಿಗೆ ಮೊದ್ಲು ಸುರಿದ ರಾಗಿ ಯಾವಾಗ ಆಚೆಗೆ ಬತ್ತದೆ?" ಎಂದು ಅಜ್ಜಿ ಕೇಳಿದಳು.

"ಕೊನೇಲಿ," ಎಂದಳು ಚಿಕ್ಕಿ ತಟ್ಟನೆ.

"ನಿನ್ನ ಕೇಳ್ಲಿಲ್ಲ. ಅವಳ್ನ ಕೇಳ್ದೆ."

ಉತ್ತರ ದೊಡ್ಡಿಗೂ ಗೊತ್ತಿತ್ತು. ಹಗೇವು ಎಂದರೆ ಅಂಗಳದಲ್ಲಿ ನೆಲದೊಳಗೆ ತೋಡಿದ ರಾಗಿಯ ಗುಂಡಿ. ಮೇಲೆ ಸಣ್ಣ ಬಾಯಿ, ಒಳಗೆ ದೊಡ್ಡ ಹೊಟ್ಟೆ. ಮೊದಲು ಸುರಿದ ರಾಗಿ ತಳಕ್ಕೆ ಹೋಗುತ್ತದೆ. ತೆಗೆಯುವಾಗ ಎಲ್ಲಕ್ಕಿಂತ ಕೊನೆಗೆ ಸಿಗುತ್ತದೆ.

"ಹೊಟ್ಟೇನೂ ಅಂಗೇ ಕಣಮ್ಮಿ," ಎಂದಳು ಅಜ್ಜಿ. "ಮೊದ್ಲು ಒಳಕ್ಕೋದೋಳು ಕೊನೇಲಿ ಬತ್ತಾಳೆ. ಚಿಕ್ಕಿ ಉಟ್ಟಿ ಒಂದು ಗಳಿಗೆ ಆದ್ಮೇಲೆ ನೀನು ಉಟ್ಟಿದ್ದು. ಅದ್ಕೇ ನೀನು ದೊಡ್ಡೋಳು. ದೊಡ್ಡೋಳು ಮನೇಲಿದ್ದು ಕೂಸು ನೋಡ್ಕೋಬೇಕು. ಇದ್ರಲ್ಲಿ ಅಳಾದೇನೈತೆ?"

"ನಾನೇನು ಅಳ್ತಿಲ್ಲ," ಎಂದಳು ದೊಡ್ಡಿ. ಅವಳು ಅಳುತ್ತಿದ್ದಳು.

ಅವರಿಬ್ಬರೂ ಅವಳಿ ಮಕ್ಕಳು. ಒಂದೇ ದೇವರಿಗೆ ಹರಕೆ ಹೊತ್ತಿದ್ದರಿಂದ ಒಬ್ಬಳಿಗೆ ದೊಡ್ಡಲಕ್ಷ್ಮಿ, ಇನ್ನೊಬ್ಬಳಿಗೆ ಚಿಕ್ಕಲಕ್ಷ್ಮಿ ಎಂದು ಹೆಸರಿಟ್ಟಿದ್ದರು. ಹಳ್ಳಿಮೈಸೂರಿನ ಮಿಡ್ಲ್ ಸ್ಕೂಲಿನಲ್ಲಿ ಇಬ್ಬರೂ ಐದನೇ ಕ್ಲಾಸು.

ದೊಡ್ಡವಳಾಗಿದ್ದಕ್ಕೆ ದೊಡ್ಡಿಗೆ ಈವರೆಗೆ ಸಿಕ್ಕಿದ್ದು ದೊಡ್ಡ ಬಿಂದಿಗೆ ಮತ್ತು ಮೊದಲ ಬೈಗುಳ. ಹೊಸ ಲಂಗದ ಬಟ್ಟೆ ಆರಿಸುವಾಗ, "ಅವಳು ಚಿಕ್ಕೋಳಲ್ವಾ, ಬಿಟ್ಕೊಡು," ಎನ್ನುತ್ತಿದ್ದರು. ಅದನ್ನೆಲ್ಲ ಅವಳು ಸಹಿಸಿಕೊಂಡಿದ್ದಳು. ಈಗ ಬಂದಿರುವುದು ಬೇರೆ.

ಸೋಮವಾರದಿಂದ ಗದ್ದೆಯಲ್ಲಿ ನಾಟಿ. ಆ ಊರಿನಲ್ಲಿ ನಾಟಿ ನಡೆಯುವುದು ಮುಯ್ಯಿಯ ಮೇಲೆ. ಇವತ್ತು ನಮ್ಮ ಗದ್ದೆಗೆ ನೀವು ಬಂದರೆ, ನಾಳೆ ನಿಮ್ಮ ಗದ್ದೆಗೆ ನಾವು ಹೋಗಬೇಕು. ಸ್ವಂತ ಗದ್ದೆಯ ಕೆಲಸ ಮುಗಿದ ಮೇಲೂ ಅವ್ವ ಎಲ್ಲರ ಮುಯ್ಯಿ ತೀರಿಸಬೇಕು. ಬುತ್ತಿ ಹೊತ್ತುಕೊಂಡು ಅಜ್ಜಿ ಹೋಗಬೇಕು. ಮನೆಯಲ್ಲಿ ಉಳಿಯುವುದು ನಾಲ್ಕು ತಿಂಗಳ ಕೂಸು. ಅದನ್ನು ನೋಡಿಕೊಳ್ಳಲು ಒಬ್ಬರು ಸ್ಕೂಲು ಬಿಡಬೇಕು.

"ನಾಟಿ ಮುಗಿಯಗಂಟ ಅಷ್ಟೆ," ಎಂದಳು ಅಜ್ಜಿ.

ಎದುರು ಮನೆಯ ಕಾಮಾಕ್ಷಿಗೂ ಎರಡು ವರ್ಷದ ಹಿಂದೆ ಹೀಗೇ ಹೇಳಿದ್ದರು. ನಾಟಿ ಆಯಿತು, ಕಳೆ ಆಯಿತು, ಕೊಯ್ಲು ಆಯಿತು. ಕಾಮಾಕ್ಷಿ ಇನ್ನೂ ಮನೆಯಲ್ಲೇ ಇದ್ದಳು. ಅವಳ ಸ್ಲೇಟನ್ನು ಅವಳ ಅವ್ವ ಉಪ್ಪಿನ ಮಡಕೆಗೆ ಮುಚ್ಚಳ ಮಾಡಿಕೊಂಡಿದ್ದಳು. ಅಳತೆ ಸರಿಯಾಗಿತ್ತು.

ಮಾರನೆಯ ದಿನ ಶನಿವಾರ, ಅರ್ಧ ದಿನದ ಸ್ಕೂಲು. ಸೈನ್ಸ್ ಮೇಷ್ಟ್ರು ಚಂದ್ರಯ್ಯನವರು ಪೇಪರ್ ಹಿಡಿದುಕೊಂಡು ಕ್ಲಾಸಿಗೆ ಬಂದರು. ಅದು ೧೯೬೧ನೇ ಇಸವಿ, ಆಗಸ್ಟ್ ತಿಂಗಳು. ಆ ವಾರ ರಷ್ಯಾದವನೊಬ್ಬ ರಾಕೆಟ್ಟಿನಲ್ಲಿ ಮೇಲೆ ಹೋಗಿ, ಒಂದು ದಿನಕ್ಕಿಂತ ಹೆಚ್ಚು ಹೊತ್ತು ಭೂಮಿಯನ್ನು ಸುತ್ತಿ ಇಳಿದಿದ್ದ.

"ಗಂಟೆಗೆ ಹದಿನೇಳು ಸಾವಿರ ಮೈಲಿಗೂ ಹೆಚ್ಚು," ಎಂದರು ಮೇಷ್ಟ್ರು. "ಪೇಪರಿನವರು ಬರೆಯದೆ ಇರೋ ಒಂದು ವಿಷಯ ಹೇಳ್ತೀನಿ. ತುಂಬಾ ವೇಗವಾಗಿ ಹೋಗೋವರಿಗೆ ಕಾಲ ನಿಧಾನವಾಗಿ ನಡೆಯತ್ತೆ. ಅವನು ಇಳಿದಾಗ, ಇಲ್ಲೇ ಇದ್ದವರಿಗಿಂತ ಸ್ವಲ್ಪ ಚಿಕ್ಕವನಾಗಿದ್ದ."

"ಎಷ್ಟು ಚಿಕ್ಕೋನು ಸಾ?" ಎಂದು ಚಿಕ್ಕಿ ಕೇಳಿದಳು.

"ಒಂದು ಸೆಕೆಂಡನ್ನ ಲಕ್ಷ ಪಾಲು ಮಾಡು. ಅದರಲ್ಲಿ ಸುಮಾರು ಮೂರು ಪಾಲು."

ಕ್ಲಾಸಿಗೆ ಬೇಜಾರಾಯಿತು.

"ಅಷ್ಟಕ್ಕೋಸ್ಕರ ಅಷ್ಟು ದೂರ ಯಾಕೋದ ಸಾ?"

ಮೇಷ್ಟ್ರು ನಗಲಿಲ್ಲ. ಅವರು ಮಕ್ಕಳ ಪ್ರಶ್ನೆಗೆ ನಗುತ್ತಿರಲಿಲ್ಲ, ಲೆಕ್ಕ ಹಾಕುತ್ತಿದ್ದರು. ಬೋರ್ಡಿನ ಮೇಲೆ ಎರಡು ಗೊಂಬೆ ಬರೆದರು. "ನಮ್ಮ ಕ್ಲಾಸಿನಲ್ಲೇ ಅವಳಿ ಮಕ್ಕಳಿದ್ದಾರೆ. ಹತ್ತು ವರ್ಷ ಇಬ್ಬರಿಗೂ. ಒಬ್ಬಳು ಇಲ್ಲೇ ಇರಲಿ. ಇನ್ನೊಬ್ಬಳನ್ನ ರಾಕೆಟ್ ಹತ್ತಿಸೋಣ. ಬೆಳಕು ಸೆಕೆಂಡಿಗೆ ಒಂದು ಲಕ್ಷ ಎಂಬತ್ತಾರು ಸಾವಿರ ಮೈಲಿ ಹೋಗತ್ತೆ. ರಾಕೆಟ್ ಒಂದು ಲಕ್ಷ ಅರವತ್ತು ಸಾವಿರ ಹೋಗಲಿ. ಇಲ್ಲಿ ಹತ್ತು ವರ್ಷ ಆದ ಮೇಲೆ ಅವಳು ವಾಪಸ್ ಬರ್ತಾಳೆ. ಇಲ್ಲಿದ್ದವಳಿಗೆ ಇಪ್ಪತ್ತು ವರ್ಷ. ಹೋಗಿದ್ದವಳಿಗೆ ಹೆಚ್ಚು ಕಡಿಮೆ ಹದಿನೈದು."

"ಅವಳ ಗಡಿಯಾರ ಕೆಟ್ಟೋಗಿತ್ತಾ ಸಾ?"

"ಇಲ್ಲ. ಗಡಿಯಾರ ಸರಿಯಾಗೇ ಇತ್ತು. ಕಾಲವೇ ನಿಧಾನ."

ದೊಡ್ಡಿ ಎದ್ದು ನಿಂತಳು. "ಹೋದೋಳು ಅಕ್ಕ ಆಗಿದ್ರೆ ಸಾ? ವಾಪಸ್ ಬಂದಾಗ ತಂಗಿ ಆಗ್ತಾಳಾ?"

ಮೇಷ್ಟ್ರು ಬೋರ್ಡಿನ ಮೇಲಿನ ಎರಡು ಗೊಂಬೆಗಳನ್ನು ನೋಡಿದರು. "ಆಗಲೇಬೇಕು," ಎಂದರು.

ಆ ಮಧ್ಯಾಹ್ನ ದೊಡ್ಡಿ ಸ್ಕೂಲಿನಿಂದ ಮನೆಗೆ ಓಡಿಕೊಂಡು ಬಂದಳು. ಬಾವಿಗೆ ಓಡಿ ಹೋದಳು. ಬಿಂದಿಗೆ ಹೊತ್ತುಕೊಂಡು ಓಡುವುದು ಆಗಲಿಲ್ಲ. ಅದನ್ನು ಇಳಿಸಿದ ಮೇಲೆ ಕೊಟ್ಟಿಗೆಯ ಸುತ್ತ ಓಡಿದಳು.

ಚಿಕ್ಕಿ ಜಗಲಿಯ ಮೇಲೆ ಕೂತು ನೋಡಿದಳು. ಅವಳೂ ಅದೇ ಕ್ಲಾಸಿನಲ್ಲಿ ಅದೇ ಪಾಠ ಕೇಳಿದ್ದಳು. ನೋಡಿ ನೋಡಿ, ಎದ್ದು ತಾನೂ ಓಡತೊಡಗಿದಳು.

"ನೀನ್ಯಾಕೆ ಓಡ್ತೀಯ?" ಎಂದಳು ದೊಡ್ಡಿ ಏದುಸಿರು ಬಿಡುತ್ತ.

"ನೀನ್ಯಾಕೆ ಓಡ್ತೀಯೋ ಅದ್ಕೇ. ಅಕ್ಕಾ!"

ಇಬ್ಬರೂ ಓಡಿದರೆ ಇಬ್ಬರ ಕಾಲವೂ ಒಂದೇ. ದೊಡ್ಡಿ ನಿಂತಳು. ಚಿಕ್ಕಿಯೂ ನಿಂತಳು.

"ಈ ಮುಂಡೇವ್ಕೆ ದೆವ್ವ ಗಿವ್ವ ಮೆಟ್ಕೊಂಡೈತಾ?" ಎಂದು ಅಜ್ಜಿ ಒಳಗಿನಿಂದ ಕೇಳಿದಳು. "ಲೇ ದೊಡ್ಡಿ, ನೀನು ನೆಟ್ಗಿದ್ರೆ ಅವಳೂ ನೆಟ್ಗಿರ್ತಾಳೆ."

ಮೊದಲ ಬೈಗುಳ ಎಂದಿನಂತೆ ದೊಡ್ಡಿಗೇ ಬಿತ್ತು.

ಭಾನುವಾರ ಬೆಳಗ್ಗೆ ಅಪ್ಪ, ಅವ್ವ, ಅಜ್ಜಿ ನಾಟಿಗೆ ಬೇಕಾದ ಪೈರು ಕೀಳಲು ಗದ್ದೆಗೆ ಹೋದರು. ಕೂಸಿನ ಜವಾಬ್ದಾರಿ ದೊಡ್ಡಿಯದು. ಅವ್ವನ ತಮ್ಮ ಪಾಲಾಕ್ಷ ಮಾವ ಬಸ್ಸಿನ ಕಂಡಕ್ಟರ್. ಅವನ ಬಸ್ಸು ಹಳ್ಳಿಮೈಸೂರಿಗೆ ಬರುವ ಹೊತ್ತಾಗಿತ್ತು.

"ಚಿಕ್ಕಿ, ಒಂದು ಗಳಿಗೆ ಕೂಸು ಎತ್ಕೊಂಡಿರು. ಬಂದ್ಬುಟ್ಟೆ," ಎಂದಳು ದೊಡ್ಡಿ.

"ಎಲ್ಲಿಗೆ?"

"ಬಂದ್ಬುಟ್ಟೆ ಅಂದ್ನಲ್ಲ."

ಗಳಿಗೆ ಎಂದರೆ ಇಪ್ಪತ್ತನಾಲ್ಕು ನಿಮಿಷ. ಬಸ್ಸು ಹೊಳೆನರಸೀಪುರ ಮುಟ್ಟುವುದಕ್ಕೇ ಅದಕ್ಕಿಂತ ಹೆಚ್ಚು ಬೇಕು. ದೊಡ್ಡಿಗೆ ಅದು ಗೊತ್ತಿತ್ತು.

"ಅವ್ವಂಗೆ ಏಳಿದ್ದೀಯಾ?" ಎಂದು ಬಸ್ಸಿನ ಬಾಗಿಲಲ್ಲಿ ಪಾಲಾಕ್ಷ ಮಾವ ಕೇಳಿದ.

"ಊಂ," ಎಂದಳು ದೊಡ್ಡಿ. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಬಸ್ಸು ಊರು ದಾಟಿದ ಮೇಲೆ ನೋಡಿದರೆ, ಪಕ್ಕದಲ್ಲಿ ಪೇಪರ್ ಮಡಿಸಿಕೊಂಡು ಕೂತಿದ್ದವರು ಚಂದ್ರಯ್ಯ ಮೇಷ್ಟ್ರು. ವಾರವೆಲ್ಲ ಊರಿನಲ್ಲಿದ್ದು, ಭಾನುವಾರ ಹೊಳೆನರಸೀಪುರದ ತಮ್ಮ ಮನೆಗೆ ಹೋಗುತ್ತಿದ್ದರು.

"ಎಲ್ಲಿಗಮ್ಮ?" ಎಂದರು ಅವರು.

"ಎಲ್ಲಿಗೂ ಇಲ್ಲ ಸಾ. ಸುಮ್ನೆ ಓಗಿ ಸುಮ್ನೆ ಬರಾದು."

"ಓಹೋ. ರಾಕೆಟ್ ಲೆಕ್ಕವಾ?"

ದೊಡ್ಡಿ ತಲೆಯಾಡಿಸಿದಳು. "ಎಷ್ಟು ಸಲ ಓಡಾಡಿದ್ರೆ ಒಂದು ಗಳಿಗೆ ಚಿಕ್ಕೋಳಾಗ್ಬೋದು ಸಾ? ಒಂದು ಗಳಿಗೆ ಸಾಕು."

ಮೇಷ್ಟ್ರು ಜೇಬಿನಿಂದ ಪೆನ್ಸಿಲ್ ತೆಗೆದರು. "ಬಸ್ಸು ಎಷ್ಟು ಸ್ಪೀಡಿನಲ್ಲಿ ಹೋಗತ್ತೆ, ಪಾಲಾಕ್ಷ?"

"ಗಂಟೆಗೆ ನಲವತ್ತು ಮೈಲಿ ಸಾ!" ಎಂದ ಪಾಲಾಕ್ಷ ಮಾವ ಹೆಮ್ಮೆಯಿಂದ.

"ಮೂವತ್ತು ಇಟ್ಕೊಳೋಣ," ಎಂದರು ಮೇಷ್ಟ್ರು. ಪೇಪರಿನ ಅಂಚಿನಲ್ಲಿ ಸೊನ್ನೆಗಳು ಸಾಲಾಗಿ ಬಂದವು. ಅಂಚು ಸಾಲದೆ ಪೇಪರ್ ತಿರುಗಿಸಿಕೊಂಡರು. ಒಮ್ಮೆ ಬಸ್ಸು ಕುಲುಕಿ ಒಂದು ಸೊನ್ನೆ ಉದ್ದವಾಯಿತು. ಅದನ್ನು ಅಳಿಸಿ ಮತ್ತೆ ಬರೆದರು.

"ನಾಲ್ಕು ಸಾವಿರದ ಐನೂರು ಕೋಟಿ ವರ್ಷ," ಎಂದರು ಕೊನೆಗೆ. "ಸ್ವಲ್ಪ ಹೆಚ್ಚೇ ಆಗತ್ತೆ. ಅಷ್ಟು ವರ್ಷ ಬಸ್ಸು ನಿಲ್ಲದೆ ಓಡಬೇಕು."

"ಕೈ ಅಡ್ಡ ಇಡಿದೋರಿಗೂ ನಿಲ್ಲಿಸಬಾರ್ದಾ ಸಾ?" ಎಂದಳು ದೊಡ್ಡಿ.

"ನಿಲ್ಲಿಸಬಾರದು."

"ಆಗದ ಮಾತು ಸಾ," ಎಂದ ಪಾಲಾಕ್ಷ ಮಾವ. "ಓನರ್ ಒಪ್ಪಾಕಿಲ್ಲ."

ದೊಡ್ಡಿ ಕಿಟಕಿಯ ಆಚೆ ನೋಡಿದಳು. ಅತ್ತಲೇ ನೋಡುತ್ತ ಹೇಳಿದಳು. "ನಾಳೆಯಿಂದ ನಾನು ಸ್ಕೂಲಿಗೆ ಬರಾಕಿಲ್ಲ ಸಾ. ದೊಡ್ಡೋಳು ಮನೇಲಿರ್ಬೇಕಂತೆ. ಕೊನೇಲಿ ಉಟ್ಟೋಳು ದೊಡ್ಡೋಳಂತೆ, ಹಗೇವಿನ ರಾಗಿ ಥರ."

ಮೇಷ್ಟ್ರ ಪೆನ್ಸಿಲ್ ನಿಂತಿತು.

"ಹಗೇವಿನ ಲೆಕ್ಕ ತಪ್ಪು," ಎಂದರು.

"ಅಜ್ಜಿಗೆ ಏಳ್ತೀರಾ ಸಾ?"

ಮೇಷ್ಟ್ರು ಅಜ್ಜಿಯನ್ನು ನೋಡಿದ್ದರು. "ನಿಮ್ಮಪ್ಪನಿಗೆ ಹೇಳಿ ನೋಡ್ತೀನಿ," ಎಂದರು.

"ಅಪ್ಪ ಅಜ್ಜೀನ ಕೇಳುತ್ತೆ ಸಾ."

ಬಸ್ಸು ಹೊಳೆನರಸೀಪುರ ಸೇರುವ ಹೊತ್ತಿಗೆ ದೊಡ್ಡಿ ಇನ್ನೊಂದು ಕೇಳಿದಳು. "ರಾಕೆಟ್ಟಲ್ಲಿ ಇರೋಳಿಗೆ ಕಾಲ ನಿಧಾನ ಆಗಿದ್ದು ಗೊತ್ತಾಗುತ್ತಾ ಸಾ?"

"ಗೊತ್ತೇ ಆಗಲ್ಲ. ಅವಳಿಗೆ ಒಂದು ಗಂಟೆ ಒಂದು ಗಂಟೆ ಥರಾನೇ ಇರತ್ತೆ. ವಾಪಸ್ ಬಂದು, ಮನೇಲಿದ್ದವಳನ್ನ ನೋಡಬೇಕು. ಆಗಲೇ ಗೊತ್ತಾಗೋದು."

ಮೇಷ್ಟ್ರು ಇಳಿದು ಹೋದರು.

"ಇಳ್ಕೊ ಕಣಮ್ಮಿ," ಎಂದ ಪಾಲಾಕ್ಷ ಮಾವ. "ನಿಮ್ಮೂರ ಕಡೆ ಬಸ್ಸು ಅಲ್ಲೇ ನಿಂತೈತೆ. ನಂದು ಹಾಸನಕ್ಕೋಗಿ ವಾಪಸ್ ಬರಾದು ಸಾಯಂಕಾಲ."

ಬಸ್ಸಿನಲ್ಲಿ ಓಡಾಡಿ ಏನೂ ಪ್ರಯೋಜನವಿಲ್ಲ ಎಂದು ದೊಡ್ಡಿಗೆ ಈಗ ಗೊತ್ತಾಗಿತ್ತು. ಆದರೆ ನಾಳೆಯಿಂದ ಮನೆ, ತೊಟ್ಟಿಲು, ಅಷ್ಟೆ. ಕಿಟಕಿಯ ಗಾಳಿ ಚೆನ್ನಾಗಿತ್ತು.

"ನಾನು ಹಾಸನ ನೋಡಿಲ್ಲ ಮಾವ," ಎಂದಳು.

ಹಾಸನದಲ್ಲಿ ಮಾವ ಬನ್ನು ಕೊಡಿಸಿದ. ಅಂಗಡಿಯ ಗೋಡೆಯಲ್ಲಿ ದೊಡ್ಡ ಗಡಿಯಾರವಿತ್ತು. ದೊಡ್ಡಿ ಅದನ್ನೂ ಮಾವನ ಕೈ ಗಡಿಯಾರವನ್ನೂ ನೋಡಿದಳು.

"ಮಾವ, ನಿಮ್ದು ಐದು ನಿಮಿಷ ಹಿಂದೈತೆ!"

"ಅದು ಯಾವಾಗ್ಲೂ ಅಂಗೇ. ರಿಪೇರಿಗೆ ಕೊಡ್ಬೇಕು."

"ಅದು ದಿನಾ ಬಸ್ಸಲ್ಲಿ ಓಡ್ತದಲ್ಲ ಮಾವ. ಓಡೋ ಗಡಿಯಾರ ನಿಧಾನ. ಮೇಷ್ಟ್ರು ಏಳವ್ರೆ."

ಪಾಲಾಕ್ಷ ಮಾವ ಗಡಿಯಾರವನ್ನು ಹೊಸದಾಗಿ ನೋಡಿದ. "ಅಂದ್ರೆ ಇದು ಕೆಟ್ಟಿಲ್ಲ ಅಂತೀಯಾ?" ಅವನಿಗೆ ಸಮಾಧಾನವಾಯಿತು.

ದೊಡ್ಡಿ ಅವನ ತಲೆ ನೋಡಿದಳು. ಮುಂದಿನ ಕೂದಲೆಲ್ಲ ಉದುರಿತ್ತು. ಇಷ್ಟು ವರ್ಷ ಬಸ್ಸಿನಲ್ಲೇ ಇದ್ದವನಿಗೆ ಹೀಗಾಗಿದೆ. ಮೇಷ್ಟ್ರ ಲೆಕ್ಕವೇ ಸರಿ, ಗಡಿಯಾರ ಕೆಟ್ಟಿದೆ ಎಂದುಕೊಂಡಳು. ಮಾವನಿಗೆ ಹೇಳಲಿಲ್ಲ.

ಬನ್ನು ತಿಂದಳು. ಅಂಗಡಿ ಬೀದಿ ನೋಡಿದಳು. ರೈಲು ಕೂಗಿದ್ದು ಕೇಳಿದಳು. ಹೊತ್ತು ಹೋಗಿದ್ದೇ ತಿಳಿಯಲಿಲ್ಲ. ಇಡೀ ದಿನ ಒಂದು ಗಳಿಗೆಯಂತೆ ಮುಗಿಯಿತು.

ವಾಪಸ್ ಬರುವಾಗ ಮುಂದಿನ ಸೀಟಿನಲ್ಲಿ ಒಂದು ಮಗು ಅಳತೊಡಗಿತು. ಅದರ ತಾಯಿ ಭುಜಕ್ಕೆ ಹಾಕಿಕೊಂಡು ತಟ್ಟಿದಳು. ಮಡಿಲಿಗೆ ಹಾಕಿಕೊಂಡು ತಟ್ಟಿದಳು. ಅಳು ನಿಲ್ಲಲಿಲ್ಲ.

ಆಗ ದೊಡ್ಡಿಗೆ ಚಿಕ್ಕಿಯ ನೆನಪಾಯಿತು.

"ಮಾವ, ಬಸ್ಸು ಇನ್ನೂ ಜೋರಾಗಿ ಹೋಗಾಕಿಲ್ವಾ?"

"ಇನ್ನೇನ್ ರಾಕೆಟ್ ಬಿಡ್ಲಾ?" ಎಂದ ಮಾವ. ಕೈ ಅಡ್ಡ ಹಿಡಿದ ಎಲ್ಲರಿಗೂ ಬಸ್ಸು ನಿಂತಿತು. ಒಬ್ಬ ಕೋಳಿಗಳನ್ನು ಹತ್ತಿಸಿದ. ಒಬ್ಬಳು ಹತ್ತಿ, ಗಂಟು ಮರೆತೆನೆಂದು ಇಳಿದು, ತಂದು ಮತ್ತೆ ಹತ್ತಿದಳು. ಬೆಳಗ್ಗೆ ಹೋದ ರಸ್ತೆ ಇದೇನಾ ಎನ್ನುವಷ್ಟು ಉದ್ದವಾಗಿತ್ತು.

ದೊಡ್ಡಿ ಮನೆ ಸೇರಿದಾಗ ಹೊತ್ತು ಮುಳುಗುತ್ತಿತ್ತು.

ಚಿಕ್ಕಿ ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದಳು. ಕೂಸು ಅವಳ ಸೊಂಟದ ಮೇಲಿತ್ತು. ಜಡೆ ಬಿಚ್ಚಿತ್ತು. ಲಂಗವನ್ನು ಎತ್ತಿ ಕಟ್ಟಿದ್ದಳು, ಅವ್ವ ಗದ್ದೆಗೆ ಇಳಿಯುವಾಗ ಕಟ್ಟುವ ಹಾಗೆ. ಭುಜದ ಮೇಲೆ ಕೂಸು ಕಕ್ಕಿದ ಹಾಲಿನ ಕಲೆ ಒಣಗಿತ್ತು. ಸೊಂಟ ಒಂದು ಕಡೆಗೆ ವಾಲಿಸಿ, ನಿಂತಲ್ಲೇ ತೂಗುತ್ತಿದ್ದಳು. ಹಾಗೆ ತೂಗುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ.

ಬೈಗುಳ ಬರುತ್ತದೆ ಎಂದು ದೊಡ್ಡಿ ಕಾದಳು. ಬರಲಿಲ್ಲ.

"ಮೆತ್ತಗೆ ಮಾತಾಡು. ಈಗ ಮಲಗ್ತು," ಎಂದಳು ಚಿಕ್ಕಿ. ಆಮೇಲೆ ಸಣ್ಣ ದನಿಯಲ್ಲಿ ವರದಿ ಒಪ್ಪಿಸಿದಳು. "ಮಧ್ಯಾಹ್ನ ಹಾಲು ಕುಡಿಸಾಕೆ ಗದ್ದೆತಾವ್ಕೆ ಎತ್ಕೊಂಡೋದೆ. ನೀನೆಲ್ಲಿ ಅಂತ ಅವ್ವ ಕೇಳ್ತು. ಬಟ್ಟೆ ಒಗೀತಾವ್ಳೆ ಅಂದೆ. ಆಮ್ಯಾಕೆ ಅಜ್ಜಿ ಮನೆತಾವ ಬಂದು ಕೇಳ್ತು. ಸೌದೆಗೋಗವ್ಳೆ ಅಂದೆ. ಇನ್ನೊಂದ್ಸಲ ಕೇಳಿದ್ರೆ ಏಳಾಕೆ ಏನೂ ಉಳಿದಿಲ್ಲ."

"ಉಂಡ್ಯಾ?"

"ಕೂಸು ಕೆಳಗೆ ಬಿಟ್ರೆ ಅಳ್ತದೆ. ನನ್ ಮುದ್ದೇನ ನಾಯಿ ತಿಂತು."

ಅಷ್ಟು ಹೇಳಿ ಚಿಕ್ಕಿ ಕೇಳಿದಳು. "ಎಷ್ಟು ಚಿಕ್ಕೋಳಾಗಿ ಬಂದೆ?"

ಅವಳು ತಮಾಷೆ ಮಾಡುತ್ತಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದಳು.

ದೊಡ್ಡಿಯ ಕೈಯಲ್ಲಿ ಬನ್ನಿನ ಸಕ್ಕರೆ ಇನ್ನೂ ಅಂಟಿತ್ತು. ಅವಳು ಅದನ್ನು ಲಂಗಕ್ಕೆ ಒರೆಸಿಕೊಂಡಳು. ಚಿಕ್ಕಿಯ ಪಕ್ಕದಲ್ಲಿ ನಿಂತು ಅವಳನ್ನೇ ನೋಡಿದಳು. ಬೆಳಗ್ಗೆ ಬಿಟ್ಟು ಹೋಗಿದ್ದ ಚಿಕ್ಕಿ ಇವಳಲ್ಲ.

"ತುಂಬಾ," ಎಂದಳು ದೊಡ್ಡಿ. ಎರಡೂ ಕೈ ಚಾಚಿದಳು. "ಅಕ್ಕ, ಕೂಸು ಇಲ್ಲಿ ಕೊಡು."

ಚಿಕ್ಕಿ ಹಿಂದೆ ತಿರುಗಿ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ.

"ಯಾರಿಗ್ಲೇ ಅಕ್ಕ ಅಂತಿರಾದು?" ಎಂದು ಅಂಗಳದಿಂದ ಅಜ್ಜಿಯ ದನಿ ಬಂತು. ಅವಳು ಖಾಲಿ ಕುಕ್ಕೆ ಹೊತ್ತು ಗದ್ದೆಯಿಂದ ಬಂದಿದ್ದಳು. "ಸೌದೆಯೆಲ್ಲಿ?"

"ಸೌದೆಗೆ ಹೋಗಿರ್ಲಿಲ್ಲ ಅಜ್ಜಿ," ಎಂದಳು ದೊಡ್ಡಿ. "ಪಾಲಾಕ್ಷ ಮಾವನ ಬಸ್ಸಲ್ಲಿ ಹಾಸನಕ್ಕೋಗಿದ್ದೆ. ಚಿಕ್ಕಿ ಒಬ್ಳೇ ಕೂಸು ನೋಡ್ಕೊಂಡ್ಳು."

ಅಜ್ಜಿ ಕುಕ್ಕೆ ಇಳಿಸಿದಳು. ಇಳಿಸಿ ಬೈದಳು. ಪಾಲಾಕ್ಷನನ್ನು ಬೈದಳು, ಬಸ್ಸನ್ನು ಬೈದಳು, ದೊಡ್ಡಿಯನ್ನು ಎರಡು ಸಲ ಬೈದಳು. ಕೂಸು ಮಿಸುಕಾಡಿತು. ಅಜ್ಜಿ ತಟ್ಟನೆ ನಿಲ್ಲಿಸಿದಳು. ಅದೇ ಹೊತ್ತು ನೋಡಿ ದೊಡ್ಡಿ ಮಾತಾಡಿದಳು.

"ಇವತ್ತು ನನ್ ಪಾಲಿನ ಕೆಲಸ ಅವಳು ಮಾಡವ್ಳೆ ಅಜ್ಜಿ. ಮುಯ್ಯಿ. ನಾಳೆ ನಾನಿದ್ದು ತೀರಿಸ್ತೀನಿ, ಅವಳು ಸ್ಕೂಲಿಗೋಗ್ಲಿ. ನಾಳಿದ್ದು ಅವಳಿರ್ಲಿ, ನಾನೋಗ್ತೀನಿ. ಓದ್ಕೊಂಡು ಬಂದಿದ್ದನ್ನ ಸಾಯಂಕಾಲ ಇನ್ನೊಬ್ರಿಗೆ ಏಳ್ಕೊಡಾದು."

"ಕೂಸಿಗೂ ಮುಯ್ಯಿ ಮಾಡ್ತಾರೇನಮ್ಮಿ?"

"ಗದ್ದೆಗೆ ಮಾಡಾಕಿಲ್ವಾ?"

ಅಜ್ಜಿ ಬಾಯಿ ತೆರೆದಳು. ಹಗೇವಿನ ಮಾತು ಬರಬಹುದು ಎಂದು ದೊಡ್ಡಿ ಕಾದಳು. ಆದರೆ ಆ ಊರಿನಲ್ಲಿ ಹಗೇವು ಎಷ್ಟು ಹಳೆಯದೋ ಮುಯ್ಯಿಯೂ ಅಷ್ಟೇ ಹಳೆಯದು.

"ನೀನೇನಂತೀಯ?" ಎಂದು ಅಜ್ಜಿ ಚಿಕ್ಕಿಯನ್ನು ಕೇಳಿದಳು.

ಚಿಕ್ಕಿಗೆ ಸ್ಕೂಲು ಪೂರ್ತಿ ಸಿಗುವುದರಲ್ಲಿತ್ತು. ಈಗ ಅರ್ಧ ಹೋಗುತ್ತದೆ. ಅವಳು ಕೂಸಿನ ಬೆನ್ನು ತಟ್ಟಿದಳು.

"ಲೆಕ್ಕದ ಟೆಸ್ಟ್ ಇರೋ ದಿನ ನಾನು ಮನೇಲಿರ್ತೀನಿ," ಎಂದಳು.

"ನಿಮ್ಮಪ್ಪ ಬರ್ಲಿ, ಏಳ್ತೀನಿ," ಎಂದು ಅಜ್ಜಿ ಕುಕ್ಕೆ ಎತ್ತಿಕೊಂಡಳು. ಬಾಗಿಲಲ್ಲಿ ತಿರುಗಿ ನಿಂತಳು. "ಮುಯ್ಯಿ ಅಂದ್ಮ್ಯಾಕೆ ಒಂದಿನಾನೂ ತಪ್ಪುಸ್ಬಾರ್ದು ಕಣಮ್ಮಿ. ತಿಳ್ಕಳಿ." ಒಳಗೆ ಹೋಗಿ ದೀಪ ಹಚ್ಚಿದಳು.

ಚಿಕ್ಕಿ ಕೂಸನ್ನು ಮೆಲ್ಲಗೆ ದೊಡ್ಡಿಯ ಭುಜಕ್ಕೆ ದಾಟಿಸಿದಳು. ಅದಕ್ಕೆ ಎಚ್ಚರವಾಗಲಿಲ್ಲ. ಬಿಸಿಯಾಗಿತ್ತು, ನೋಡುವುದಕ್ಕಿಂತ ಭಾರವಾಗಿತ್ತು. ಚಿಕ್ಕಿ ಕೈ ಕೊಡವಿ, ಸೊಂಟ ನೇರ ಮಾಡಿಕೊಂಡಳು.

"ಒಂದು ಗಳಿಗೆ ಎತ್ಕೊಂಡಿರು," ಎಂದಳು. "ಉಂಡು ಬಂದ್ಬುಟ್ಟೆ."

ದೊಡ್ಡಿ ಕಂಬಕ್ಕೆ ಒರಗಿದಳು. ಸೊಂಟ ಒಂದು ಕಡೆಗೆ ವಾಲಿಸಿ, ನಿಂತಲ್ಲೇ ತೂಗತೊಡಗಿದಳು.

"ನಿಧಾನಕ್ಕೆ ಉಣ್ಣು," ಎಂದಳು.